‘ಏಜಾ’ ಕೇಳಲು ಎಲ್‌ಪಿ, ಸಿಡಿ, ಆ್ಯಪ್: ನನ್ನ ಓಟು ಸಿಡಿಗೆ

ಅಮೆರಿಕದ ಸ್ಟೀಲಿ ಡ್ಯಾನ್ ತಂಡದ ‘ಏಜಾ’ ಆಲ್ಬಂ ಈಗ ನನ್ನ ಹತ್ತಿರ ಮೂರು ಥರದಲ್ಲಿದೆ: ಹೊಸದಾಗಿ ಒತ್ತಿದ ಎಲ್‌ಪಿ (ಗ್ರಾಮಫೋನ್ ತಟ್ಟೆ), ಸೆಕೆಂಡ್ ಹ್ಯಾಂಡ್ ಸಿಡಿ, ಫೋನಿನ ಆ್ಯಪ್. ಎಲ್‌ಪಿಗೆ ನಾಲ್ಕು ಸಾವಿರದ ಹತ್ತಿರ ಬಿತ್ತು. ಸಿಡಿ ಕೆಲವು ನೂರು ರೂಪಾಯಿಗೆ ಸಿಕ್ಕಿತು. ದಿನಾ ಕೈ ಹೋಗುವುದು ಆ ಸಿಡಿಗೇ. 1977ರ ಈ ಆಲ್ಬಂ ಕೊಳ್ಳುವ ಯೋಚನೆ ಇರುವವರಿಗೆ ನಾನು ಹೇಳುವುದೂ ಅದನ್ನೇ.

ಯಾಕೆಂದರೆ ಇದರ ಜೀವ ಇರುವುದೇ ಸಣ್ಣ ಸಣ್ಣ ವಿವರಗಳಲ್ಲಿ. ತಂಡದ ಜೋಡಿ ವಾಲ್ಟರ್ ಬೆಕರ್, ಡೊನಾಲ್ಡ್ ಫೇಗನ್ ಒಂದೊಂದು ಹಾಡಿಗೂ ಅದಕ್ಕೆ ತಕ್ಕ ವಾದಕರನ್ನು ಹುಡುಕಿ ಕರೆಸಿದರು. ಇರುವುದು ಏಳೇ ಹಾಡು, ಸುಮಾರು 40 ನಿಮಿಷ; ಅದಕ್ಕೆ ಆರು ಜನ ಡ್ರಮ್ಮರ್‌ಗಳು! ‘ಪೆಗ್’ ಹಾಡಿನ ಗಿಟಾರ್ ಸೋಲೋಗೆ ಹಲವರನ್ನು ನುಡಿಸಿ ನೋಡಿ, ಒಪ್ಪಿಗೆಯಾಗದೆ, ಕೊನೆಗೆ ಜೇ ಗ್ರೇಡನ್ ನುಡಿಸಿದ್ದನ್ನು ಉಳಿಸಿಕೊಂಡರು. ಧ್ವನಿಮುದ್ರಣಕ್ಕೆ 1978ರಲ್ಲಿ ಗ್ರ್ಯಾಮಿಯೂ ಬಂತು. ಇಷ್ಟು ಜತನದಿಂದ ಮಾಡಿದ್ದರಲ್ಲಿ ಒಂದು ಸ್ವರ ಕರ್ಕಶವಾದರೂ ನನಗೆ ತಡೆಯುವುದಿಲ್ಲ.

ಎಲ್‌ಪಿಯ ತಕರಾರು ಅಲ್ಲೇ. ಮೊದಲ ಬದಿಯಲ್ಲಿ ‘ಬ್ಲ್ಯಾಕ್ ಕೌ’, ಆಮೇಲೆ ಎಂಟು ನಿಮಿಷದ ‘ಏಜಾ’, ಕೊನೆಗೆ ‘ಡೀಕನ್ ಬ್ಲೂಸ್’. ಮೊದಲೆರಡೂ ಸೊಗಸು, ಚಕ್ ರೈನಿಯ ಬೇಸ್ ಗಿಟಾರ್ ಎದೆಗೆ ತಾಗುತ್ತದೆ. ‘ಡೀಕನ್ ಬ್ಲೂಸ್’ ಅರ್ಧ ದಾಟುತ್ತಿದ್ದಂತೆ ಫೇಗನ್ ಹಾಡುವ ‘ಸ’ಕಾರಗಳೆಲ್ಲ ಚರ್ ಅನ್ನತೊಡಗುತ್ತವೆ. ಕೊನೆಯಲ್ಲಿ ಪೀಟ್ ಕ್ರಿಸ್ಟ್‌ಲೀಬ್ ಅವರ ಟೆನರ್ ಸ್ಯಾಕ್ಸೊಫೋನ್ ಮೇಲೇರುವಾಗ ಅದರ ಅಂಚು ಹರಿದಂತೆ ಕೇಳುತ್ತದೆ. ಆಲ್ಬಂನಲ್ಲಿ ನನಗೆ ಅತಿ ಪ್ರಿಯವಾದ ಜಾಗ ಅದು.

ಇದು ತಟ್ಟೆಯ ದೋಷವಲ್ಲ, ಎಲ್‌ಪಿಯ ಸ್ವಭಾವ. ತಟ್ಟೆ ನಿಮಿಷಕ್ಕೆ 33⅓ ಸುತ್ತು ಸುತ್ತುತ್ತದೆ, ಹೊರಗಾದರೂ ಒಳಗಾದರೂ ಅಷ್ಟೇ. ಹೊರಗಿನ ಗೆರೆಯಲ್ಲಿ ಸೂಜಿಯ ಕೆಳಗೆ ಸೆಕೆಂಡಿಗೆ ಸುಮಾರು 50 ಸೆಂಟಿಮೀಟರ್ ಉದ್ದದ ಗೆರೆ ಹಾದುಹೋಗುತ್ತದೆ. ನಡುವಿನ ಲೇಬಲ್ ಹತ್ತಿರ ಬಂದಾಗ ಅದು 20ರ ಆಸುಪಾಸಿಗೆ ಇಳಿದಿರುತ್ತದೆ. ಅಷ್ಟೇ ಸಂಗೀತವನ್ನು ಅರ್ಧಕ್ಕಿಂತ ಕಡಿಮೆ ಜಾಗದಲ್ಲಿ ತುರುಕಬೇಕು. ಏರುಸ್ವರದ ಅಲೆಗಳು ಒತ್ತೊತ್ತಾಗುತ್ತವೆ. ನನ್ನ ಟರ್ನ್‌ಟೇಬಲ್‌ನ ದುಂಡು ತುದಿಯ ಸೂಜಿ ಆ ಸಂದಿಗಳಿಗೆ ಇಳಿಯುವುದೇ ಇಲ್ಲ.

ಸುಮ್ಮನೆ ಬಿಡಲಿಲ್ಲ. ಅಳತೆಯ ಹಾಳೆ ಇಟ್ಟು ಕಾರ್ಟ್ರಿಜ್ (ಸೂಜಿ ಕೂರುವ ಭಾಗ) ಕೋನ ಸರಿಮಾಡಿದೆ. ಸೂಜಿಯ ಭಾರ ತುಸು ಹೆಚ್ಚಿಸಿದೆ. ತಟ್ಟೆ ತೊಳೆದು ಒಣಗಿಸಿ ಮತ್ತೆ ಹಾಕಿದೆ. ಚರಪರ ಕಡಿಮೆಯಾಯಿತು, ಹೋಗಲಿಲ್ಲ. ಸಪೂರ ಅಂಚಿನ ಒಳ್ಳೆಯ ಸೂಜಿ ಹಾಕಿದರೆ ಹೋಗುತ್ತದೆ ಎಂದರು ಅಂಗಡಿಯವರು. ಅವರ ಮಾತು ಸರಿಯೇ, ಆದರೆ ಆ ಸೂಜಿಯ ಬೆಲೆಗೆ ಇಂಥ ಹತ್ತಾರು ಸಿಡಿ ಬರುತ್ತವೆ. ಎರಡನೇ ಬದಿಯ ಕೊನೆಗೆ ಬರುವ ‘ಜೋಸಿ’ಗೂ ಇದೇ ಪಾಡು, ಅಷ್ಟು ನೋಯುವುದಿಲ್ಲ ಅಷ್ಟೆ.

ಹೊದಿಕೆಯಲ್ಲಿ ಮಾತ್ರ ಎಲ್‌ಪಿಗೆ ಎದುರಿಲ್ಲ. ಕಪ್ಪು ಹಿನ್ನೆಲೆಯಲ್ಲಿ ಜಪಾನಿನ ಮಾಡೆಲ್ ಸಯೊಕೊ ಯಮಗುಚಿ. ಚಿತ್ರ ತೆಗೆದವರು ಹಿಡೆಕಿ ಫುಜಿಯಿ.

ಸಿಡಿಯಲ್ಲಿ ಒಳಗಿನ ಗೆರೆ, ಹೊರಗಿನ ಗೆರೆ ಎಂಬ ಭೇದವಿಲ್ಲ. ಕ್ರಿಸ್ಟ್‌ಲೀಬ್ ಕೊನೆಯವರೆಗೂ ದುಂಡಗೆ, ತುಂಬಿದ ದನಿಯಲ್ಲಿ ಕೇಳುತ್ತಾರೆ. ‘ಏಜಾ’ ಹಾಡಿನಲ್ಲಿ ವೇಯ್ನ್ ಶಾರ್ಟರ್ ಸ್ಯಾಕ್ಸೊಫೋನ್ ಎತ್ತಿಕೊಂಡ ಮೇಲೆ ಸ್ಟೀವ್ ಗ್ಯಾಡ್ ಅದರ ಕೆಳಗೆ ಡ್ರಮ್ಸ್ ಬಿಚ್ಚುತ್ತಾ ಹೋಗುವ ಜಾಗವಿದೆಯಲ್ಲ, ಕಛೇರಿಯಲ್ಲಿ ತನಿಗೆ ಬಿಟ್ಟ ಮೃದಂಗದವರ ಹುರುಪು ಅದು. ಒಂದೊಂದು ಪೆಟ್ಟನ್ನೂ ಬೇರೆ ಬೇರೆಯಾಗಿ ಎಣಿಸಬಹುದು. ‘ಪೆಗ್’ನಲ್ಲಿ ಸ್ಲ್ಯಾಪ್ (ಹೆಬ್ಬೆರಳಿನಿಂದ ತಂತಿಗೆ ಬಡಿದು ನುಡಿಸುವುದು) ಬೇಡ ಎಂದು ಬೆಕರ್, ಫೇಗನ್ ಹೇಳಿದ್ದರಂತೆ, ರೈನಿ ಮರೆಗೆ ತಿರುಗಿ ಕೂತು ಸ್ಲ್ಯಾಪ್ ಮಾಡಿಯೇ ನುಡಿಸಿದರು. ಪಲ್ಲವಿಯಲ್ಲಿ, ಮೈಕಲ್ ಮೆಕ್‌ಡೊನಾಲ್ಡ್ ಅವರ ಪದರು ಪದರಾದ ದನಿಯ ಕೆಳಗೆ, ಆ ತಂತಿ ಚಿಮ್ಮುವುದು ನಿಚ್ಚಳವಾಗಿ ಕೇಳಿಸುತ್ತದೆ.

ನನ್ನದು 1999ರ ರೀಮಾಸ್ಟರ್, ಅಂದರೆ ದನಿಯನ್ನು ಹೊಸದಾಗಿ ಹದಮಾಡಿದ ಪ್ರತಿ. ಅದರ ಪುಸ್ತಿಕೆಯಲ್ಲಿ ಬೆಕರ್, ಫೇಗನ್ ಇಬ್ಬರೂ ಬರೆದಿದ್ದಾರೆ: ‘ಬ್ಲ್ಯಾಕ್ ಕೌ’, ‘ಏಜಾ’ ಹಾಡುಗಳ ಮೂಲ ಮಲ್ಟಿಟ್ರ್ಯಾಕ್ (ವಾದ್ಯಗಳನ್ನು ಬೇರೆ ಬೇರೆಯಾಗಿ ಮುದ್ರಿಸಿದ) ಟೇಪುಗಳು ಕಳೆದುಹೋಗಿವೆ, ಹುಡುಕಿಕೊಟ್ಟವರಿಗೆ 600 ಡಾಲರ್ ಬಹುಮಾನ. ಯಾವ ಹಾಡಿಗೆ ಯಾರು ನುಡಿಸಿದರು ಎಂದು ಕೇಳುತ್ತಲೇ ನೋಡಿಕೊಳ್ಳುವ ಸುಖ ಬೇರೆ.

ಆ್ಯಪ್ ಬಸ್ಸಿಗೆ ಸರಿ. ‘ಜೋಸಿ’ ಮುಗಿಯಿತೋ ಇಲ್ಲವೋ ತನಗೆ ತೋಚಿದ ಯಾವುದೋ ಹಾಡನ್ನು ತಂದು ಸುರಿಯುತ್ತದೆ. ಆಟೋಪ್ಲೇ ಆಫ್ ಮಾಡಿಕೊಳ್ಳಿ, ಒಂದು ಹಾಡಿನ ಕೊನೆಯನ್ನು ಮುಂದಿನದಕ್ಕೆ ಬೆಸೆಯುವ ಕ್ರಾಸ್‌ಫೇಡನ್ನೂ.

ನಾನು ಕೇಳುವುದು ರಾತ್ರಿ ಊಟವಾದ ಮೇಲೆ, ಮನೆಯವರು ಮಲಗಿದಾಗ, ಸಣ್ಣ ವಾಲ್ಯೂಮಿನಲ್ಲಿ. ನಡುವೆ ಎದ್ದು ಬದಿ ತಿರುವುವ ಮನಸ್ಸಿರುವುದಿಲ್ಲ. ಒಳ್ಳೆಯ ಸೂಜಿ ಈಗಾಗಲೇ ಇರುವವರು, ವಾರಕ್ಕೊಮ್ಮೆ ಜೋರಾಗಿ ಕೇಳುವವರು ಎಲ್‌ಪಿ ಧಾರಾಳವಾಗಿ ಕೊಳ್ಳಲಿ. ಉಳಿದವರು ಹಳೆಯ ಸಿಡಿ ಹುಡುಕಿ. ತೆಗೆದುಕೊಳ್ಳುವಾಗ ಡಬ್ಬಿಯ ಬಿರುಕು ಲೆಕ್ಕಕ್ಕಿಡಬೇಡಿ, ಡಬ್ಬಿ ಬೇರೆ ಸಿಗುತ್ತದೆ. ತಟ್ಟೆಯನ್ನು ಬೆಳಕಿಗೆ ಹಿಡಿದು ಗೀರು ನೋಡಿ, ಪುಸ್ತಿಕೆ ಒಳಗಿದೆಯೇ ಎಂದು ತೆಗೆದು ನೋಡಿ.