ನೂಲು ಮತ್ತು ಬಟ್ಟೆ ಪರೀಕ್ಷೆಯ ಅಲ್ಪಾವಧಿ ತರಬೇತಿ: ಕಲಿತದ್ದೆಷ್ಟು, ಕೊರತೆಯೇನು

ಜವಳಿ ಗಿರಣಿಗಳಲ್ಲಿ ಮತ್ತು ನೇಯ್ಗೆ ಘಟಕಗಳಲ್ಲಿ ಗುಣಮಟ್ಟದ ಉಸ್ತುವಾರಿ ವಹಿಸುವವರಿಗಾಗಿ ಅಲ್ಪಾವಧಿಯ ವೃತ್ತಿ ತರಬೇತಿಗಳನ್ನು ನಡೆಸುವ ಪದ್ಧತಿ ನಮ್ಮ ದೇಶದಲ್ಲಿ ಹಳೆಯದು. ಅಹಮದಾಬಾದಿನ ಅಟಿರಾ (1947), ಮುಂಬಯಿಯ ಬಿಟ್ರಾ (1954), ಕೊಯಮತ್ತೂರಿನ ಸಿಟ್ರಾ (1956) ಮೊದಲಾದ ಸಂಶೋಧನಾ ಸಂಘಗಳು ಹಾಕಿಕೊಟ್ಟ ದಾರಿಯಲ್ಲಿ ಈಗ ಖಾಸಗಿ ಪ್ರಯೋಗಾಲಯಗಳೂ ಇಂಥ ತರಬೇತಿ ಕೊಡುತ್ತಿವೆ. ಅಂಥದೊಂದು ಖಾಸಗಿ ಪ್ರಯೋಗಾಲಯದಲ್ಲಿ ನೂಲು ಮತ್ತು ಬಟ್ಟೆಯ ಪರೀಕ್ಷಾ ವಿಧಾನಗಳ ತರಬೇತಿಯನ್ನು ಪೂರ್ತಿಯಾಗಿ ಮುಗಿಸಿದ ಮೇಲೆ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ಸಂಸ್ಥೆಯ ಹೆಸರನ್ನು ಇಲ್ಲಿ ಹೇಳುವುದಿಲ್ಲ. ಇಂಥ ತರಬೇತಿಗಳ ಪಠ್ಯಕ್ರಮ ಬಹುಮಟ್ಟಿಗೆ ಒಂದೇ ಬಗೆಯದಾದ್ದರಿಂದ, ಸೇರಲು ಯೋಚಿಸುತ್ತಿರುವವರಿಗೆ ಹೆಸರಿಗಿಂತ ಒಳಗೆ ಏನು ನಡೆಯುತ್ತದೆ ಎಂಬುದೇ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಮೊದಲು ಮೆಚ್ಚಿಕೊಂಡ ಸಂಗತಿ. ನೂಲನ್ನು ತೂಗುವುದಕ್ಕೂ ಮುಂಚೆ, ಅದನ್ನು ಎಂಥ ಗಾಳಿಯಲ್ಲಿ ಇಟ್ಟು ತೂಗಬೇಕು ಎಂಬುದನ್ನು ಇಲ್ಲಿ ಬಹಳ ಶ್ರದ್ಧೆಯಿಂದ ಕಲಿಸಿದರು. ನಮ್ಮಂಥ ಉಷ್ಣ ಪ್ರದೇಶಕ್ಕೆ ಗೊತ್ತುಪಡಿಸಿರುವ ಪರೀಕ್ಷಾ ವಾತಾವರಣವೆಂದರೆ 27 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಮತ್ತು ಶೇ. 65ರಷ್ಟು ಸಾಪೇಕ್ಷ ಆರ್ದ್ರತೆ. ಎರಡರಲ್ಲೂ ಎರಡು ಅಂಶದಷ್ಟು ಏರಿಳಿತಕ್ಕೆ ಮಾತ್ರ ಅವಕಾಶ. ಹತ್ತಿಯ ವ್ಯಾವಹಾರಿಕ ತೇವಾಂಶ (ವ್ಯಾಪಾರದಲ್ಲಿ ಒಣ ನಾರಿನ ತೂಕಕ್ಕೆ ಸೇರಿಸಲು ಒಪ್ಪಿರುವ ನೀರಿನ ಪಾಲು) ಶೇ. 8.5, ರೇಷ್ಮೆಯದು ಶೇ. 11, ಪಾಲಿಯೆಸ್ಟರಿನದು ಕೇವಲ ಶೇ. 0.4 ಎಂಬ ಅಂಕಿಗಳನ್ನು ಯಾವ ಪುಸ್ತಕದಲ್ಲಾದರೂ ಓದಬಹುದು. ಆದರೆ ಅದರ ಪರಿಣಾಮವನ್ನು ತಕ್ಕಡಿಯ ಮೇಲೆ ಕಣ್ಣಾರೆ ಕಂಡಾಗ ಆಗುವ ತಿಳಿವಳಿಕೆಯೇ ಬೇರೆ. ಒಂದೂವರೆ ಗಜ ಸುತ್ತಳತೆಯ ರೀಲಿನ ಮೇಲೆ ಎಂಬತ್ತು ಸುತ್ತು ಸುತ್ತಿದರೆ 120 ಗಜದ ಒಂದು ಲೀ ಆಗುತ್ತದೆ. ಅದರ ತೂಕವನ್ನು ಗ್ರಾಂಗಳಲ್ಲಿ ನೋಡಿ, 64.8ನ್ನು ಆ ತೂಕದಿಂದ ಭಾಗಿಸಿದರೆ ನೂಲಿನ ಕೌಂಟ್, ಅಂದರೆ ಅದರ ನಯದ ಅಳತೆ, ಸಿಗುತ್ತದೆ; ಕೌಂಟ್ ಹೆಚ್ಚಿದಷ್ಟೂ ನೂಲು ಸಣ್ಣ. ಹೀಗೆ 40 ಕೌಂಟಿನ ನೂಲಿನ ಲೀ 1.62 ಗ್ರಾಂ ತೂಗಬೇಕು. ಮಳೆಗಾಲದ ಗೋದಾಮಿನಿಂದ ತಂದ ನೂಲು ತೇವದಿಂದಾಗಿ ನೂರಕ್ಕೆ ಎರಡರಷ್ಟು ಹೆಚ್ಚು ತೂಗಿದರೂ ಸಾಕು, ಅದೇ ನೂಲು 39.2 ಎಂದು ತೋರಿಸುತ್ತದೆ. ನೂಲು ಕೊಟ್ಟವರಿಗೂ ಕೊಂಡವರಿಗೂ ನಡುವೆ ಏಳುವ ಎಷ್ಟೋ ಜಗಳಗಳ ಮೂಲ ಇಲ್ಲಿದೆ. ಈ ಒಂದು ಪಾಠಕ್ಕಾಗಿಯೇ ನೇಯ್ಗೆ ಘಟಕಗಳ ಮಾಲೀಕರು ತಮ್ಮ ಸಿಬ್ಬಂದಿಯನ್ನು ಕಳುಹಿಸಬಹುದು ಎಂದು ನಾನು ನಿಸ್ಸಂಕೋಚವಾಗಿ ಹೇಳುತ್ತೇನೆ.

ತರಬೇತಿಯ ಅತ್ಯುತ್ತಮ ಭಾಗ ನೂಲಿನ ಸಮತೆಯ, ಅಂದರೆ ಅದು ಉದ್ದಕ್ಕೂ ಒಂದೇ ದಪ್ಪ ಇದೆಯೇ ಎಂದು ನೋಡುವ, ಪರೀಕ್ಷೆಯದು. ಪಾಠ ಮಾಡಿದವರು ಗಿರಣಿಯಲ್ಲಿ ದೀರ್ಘ ಕಾಲ ದುಡಿದು ಬಂದವರಾದ್ದರಿಂದ, ಯಂತ್ರ ಮುದ್ರಿಸಿಕೊಡುವ ಅಂಕಿಗಳನ್ನು ಓದಿ ಹೇಳುವುದಕ್ಕೆ ಅವರು ನಿಲ್ಲಲಿಲ್ಲ. ಪ್ರತಿ ಕಿಲೋಮೀಟರಿಗೆ ಎಷ್ಟು ತೆಳು ಜಾಗ, ಎಷ್ಟು ದಪ್ಪ ಜಾಗ, ಎಷ್ಟು ನೆಪ್ (ನಾರಿನ ಸಣ್ಣ ಗಂಟು) ಎಂಬ ಲೆಕ್ಕವನ್ನು ಮೊದಲು ವಿವರಿಸಿ, ಆ ಮೇಲೆ ದೋಷ ಎಷ್ಟು ಅಂತರಕ್ಕೊಮ್ಮೆ ಮರಳುತ್ತದೆ ಎಂದು ತೋರಿಸುವ ತರಂಗದೂರದ ನಕ್ಷೆಯನ್ನು ಎದುರಿಗಿಟ್ಟರು. ನಕ್ಷೆಯಲ್ಲಿ ಸುಮಾರು ಎಂಟು ಸೆಂಟಿಮೀಟರಿನ ಹತ್ತಿರ ಒಂದು ಕಡ್ಡಿ ಉಳಿದವುಗಳಿಗಿಂತ ಎತ್ತರಕ್ಕೆ ಎದ್ದು ನಿಂತಿತ್ತು. ನೂಲು ತೆಗೆಯುವ ಯಂತ್ರವಾದ ರಿಂಗ್ ಫ್ರೇಮಿನ ಮುಂದಿನ ರೋಲರಿನ ವ್ಯಾಸ 25 ಮಿಲಿಮೀಟರ್ ಇದ್ದರೆ ಅದರ ಸುತ್ತಳತೆ 7.85 ಸೆಂಟಿಮೀಟರ್ ಆಗುತ್ತದೆ. ರೋಲರ್ ಒಂದಿಷ್ಟು ವಕ್ರವಾಗಿ ತಿರುಗಿದರೂ ಪ್ರತಿ ಸುತ್ತಿಗೊಮ್ಮೆ ಅದೇ ಅಂತರದಲ್ಲಿ ನೂಲಿನ ಮೇಲೆ ದೋಷ ಮರಳುತ್ತದೆ ಎಂದು ಅವರು ಕರಿಹಲಗೆಯ ಮೇಲೆ ಗುಣಿಸಿ ತೋರಿಸಿದರು. ಆಮೇಲೆ ಅದೇ ನೂಲನ್ನು ಕಪ್ಪು ಹಲಗೆಗೆ ಒತ್ತಾಗಿ ಸುತ್ತಿ ಬೆಳಕಿಗೆ ಹಿಡಿದಾಗ, ನಕ್ಷೆಯಲ್ಲಿ ಕಂಡ ದೋಷ ಹಲಗೆಯ ಮೇಲೆ ಓರೆಯಾದ ಪಟ್ಟೆಗಳಾಗಿ ಕಾಣಿಸಿತು. ಬಟ್ಟೆಯಲ್ಲಿ ಬೀಳುವ ಪಟ್ಟೆಗೆ ಮಗ್ಗವನ್ನೋ ಬಣ್ಣವನ್ನೋ ದೂರುವ ಅಭ್ಯಾಸವಿರುವ ನಮ್ಮ ಕ್ಷೇತ್ರದಲ್ಲಿ, ತಪ್ಪು ಯಾವ ಯಂತ್ರದ ಯಾವ ಭಾಗದಲ್ಲಿದೆ ಎಂದು ನೂಲಿನಿಂದಲೇ ಹಿಂದಕ್ಕೆ ಓದುವ ಈ ಕ್ರಮ ಬಹಳ ಬೆಲೆಯುಳ್ಳದ್ದು.

ರಾಸಾಯನಿಕ ಪ್ರಯೋಗಾಲಯದ ಪಾಠಗಳೂ ಚೆನ್ನಾಗಿದ್ದವು. ಪಾಲಿಯೆಸ್ಟರ್ ಮತ್ತು ಹತ್ತಿ ಬೆರೆತ ಬಟ್ಟೆಯನ್ನು ಶೇ. 75ರ ಗಂಧಕಾಮ್ಲದಲ್ಲಿ 50 ಡಿಗ್ರಿ ಉಷ್ಣತೆಯಲ್ಲಿ ಒಂದು ಗಂಟೆ ಇಟ್ಟು, ಹತ್ತಿಯನ್ನು ಕರಗಿಸಿ, ಉಳಿದ ಪಾಲಿಯೆಸ್ಟರನ್ನು ತೊಳೆದು ಒಣಗಿಸಿ ತೂಗುವ ವಿಧಾನವನ್ನು ನಾವೇ ಮಾಡಿ ನೋಡಲು ಬಿಟ್ಟರು. ಸುಟ್ಟು ನೋಡುವ ಪರೀಕ್ಷೆ, ನೂರು ಚದರ ಸೆಂಟಿಮೀಟರಿನ ವೃತ್ತ ಕತ್ತರಿಸಿ, ಒಂದು ಚದರ ಮೀಟರ್ ಬಟ್ಟೆಯ ತೂಕವನ್ನು ಗ್ರಾಂಗಳಲ್ಲಿ ಹೇಳುವ ಜಿಎಸ್‌ಎಂ ನೋಡುವುದು, ಬಣ್ಣದ ಗಟ್ಟಿತನವನ್ನು ಬೂದು ಮಾಪಕದಲ್ಲಿ ಒಂದರಿಂದ ಐದರವರೆಗೆ ಗುರುತಿಸುವುದು, ಇವೆಲ್ಲ ಸರಾಗವಾಗಿ ಮುಗಿದವು.

ಆದರೆ ಕೊರತೆಗಳು ಸಣ್ಣವಲ್ಲ. ಒಂದೊಂದು ಯಂತ್ರದ ಸುತ್ತ ಜನ ತೀರ ಹೆಚ್ಚಾಗಿದ್ದರು. ರೀಲು, ತಕ್ಕಡಿ, ನೂಲಿನ ಹುರಿ ಅಳೆಯುವ ಟ್ವಿಸ್ಟ್ ಪರೀಕ್ಷಕಗಳನ್ನು ಎಲ್ಲರೂ ಮುಟ್ಟಿದರೂ, ಬೆಲೆಬಾಳುವ ಸಮತೆಯ ಯಂತ್ರವನ್ನು ಸಿಬ್ಬಂದಿಯೇ ನಡೆಸಿದರು. ನಾವು ನಿಂತು ನೋಡಿದೆವು. ಬಟ್ಟೆಯ ದೋಷಗಳಿಗೆ ಅಂಕ ಹಾಕುವ ನಾಲ್ಕು ಅಂಕಗಳ ಪದ್ಧತಿಯನ್ನಂತೂ ಪೂರ್ತಿಯಾಗಿ ಪರದೆಯ ಮೇಲೆಯೇ ಮುಗಿಸಿಬಿಟ್ಟರು. ಮೂರು ಅಂಗುಲದವರೆಗಿನ ದೋಷಕ್ಕೆ ಒಂದು, ಆರರವರೆಗೆ ಎರಡು, ಒಂಬತ್ತರವರೆಗೆ ಮೂರು, ಅದಕ್ಕೆ ಮೇಲ್ಪಟ್ಟರೆ ನಾಲ್ಕು ಎಂಬ ನಿಯಮವನ್ನು ಬಾಯಿಪಾಠ ಮಾಡಲು ಯಾರೂ ಅಷ್ಟು ದೂರ ಹೋಗಬೇಕಾಗಿಲ್ಲ. ಓಡುತ್ತಿರುವ ಬಟ್ಟೆಯ ಮೇಲೆ, ದೀಪದ ಕೆಳಗೆ, ಇದು ಎಳೆ ತಪ್ಪಿದ್ದೋ ಎಣ್ಣೆಯ ಕಲೆಯೋ ಎಂದು ಕ್ಷಣದಲ್ಲಿ ತೀರ್ಮಾನಿಸುವುದೇ ಇಲ್ಲಿನ ಕೌಶಲ, ಮತ್ತು ಅದು ತಪಾಸಣಾ ಮೇಜಿನ ಮುಂದೆ ನಿಂತಲ್ಲದೆ ಬರುವುದಿಲ್ಲ. ಕೈಪಿಡಿ ಇಂಗ್ಲಿಷಿನಲ್ಲಿ ಮಾತ್ರ ಇತ್ತು. ಮಗ್ಗದ ಪಕ್ಕದಲ್ಲೇ ಬೆಳೆದು, ಕೈಗೆ ಸಿಕ್ಕ ನೂಲಿನ ಕೌಂಟನ್ನು ಬೆರಳಿನಿಂದಲೇ ಅಂದಾಜು ಮಾಡಬಲ್ಲ ಕೆಲಸಗಾರರು ಆ ಕೈಪಿಡಿಯನ್ನು ತೆರೆದು ಸುಮ್ಮನೆ ಮುಚ್ಚಿಡುವುದನ್ನು ನೋಡಿ ನನಗೆ ನಿಜಕ್ಕೂ ನೋವಾಯಿತು. ಹಾಸು, ಹೊಕ್ಕು, ಲಾಳಿ, ಗಂಜಿ ಎಂಬ ಕನ್ನಡದ ಮಾತುಗಳಿಂದ ಶುರುಮಾಡಿದ್ದರೆ ಅವರು ಎಲ್ಲರಿಗಿಂತ ಮುಂದಿರುತ್ತಿದ್ದರು.

ಕರ್ನಾಟಕದಿಂದ ಹೋಗುವವರು ಗಮನಿಸಬೇಕಾದ ಇನ್ನೊಂದು ವಿಷಯವಿದೆ. ಇಂಥ ತರಬೇತಿಗಳ ಚೌಕಟ್ಟು ಹತ್ತಿ ಗಿರಣಿಯ ಸುತ್ತ ಬೆಳೆದದ್ದು. ರೇಷ್ಮೆಗೆ ಇಲ್ಲಿ ಸಿಕ್ಕ ಸಮಯ ತೀರ ಕಡಿಮೆ. ಕಚ್ಚಾ ರೇಷ್ಮೆಯ ಎಳೆಯ ದಪ್ಪವನ್ನು 20/22 ಡೆನಿಯರ್ ಎಂದು ಅಳೆಯುವುದು, ಎಳೆಯನ್ನು ಸುತ್ತಿ ನೋಡುವ ಸೆರಿಪ್ಲೇನ್ ಹಲಗೆಯ ಮೇಲೆ ಸ್ವಚ್ಛತೆ ನೋಡುವುದು, ಅಂಟು ತೆಗೆದಾಗ ಸುಮಾರು ಕಾಲು ಭಾಗದಷ್ಟು ತೂಕ ಇಳಿಯುವುದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದು, ಇವು ರಾಮನಗರದ ಗೂಡಿನ ಮಾರುಕಟ್ಟೆಯನ್ನು ನಂಬಿ ಬದುಕುವ, ಗೂಡಿನಿಂದ ಎಳೆ ಬಿಚ್ಚುವ ರೀಲರಿಗೂ ಮೊಳಕಾಲ್ಮೂರಿನ ನೇಕಾರರಿಗೂ ದಿನನಿತ್ಯದ ಸಂಗತಿಗಳು. ಅವರು ಬೆಂಗಳೂರಿನಲ್ಲಿರುವ ಕೇಂದ್ರ ರೇಷ್ಮೆ ಮಂಡಳಿಯ ಕೇಂದ್ರೀಯ ರೇಷ್ಮೆ ತಾಂತ್ರಿಕ ಸಂಶೋಧನಾ ಸಂಸ್ಥೆಯನ್ನು ವಿಚಾರಿಸುವುದು ಲೇಸು. 1983ರಲ್ಲಿ ಆರಂಭವಾದ ಆ ಸಂಸ್ಥೆಯ ಕ್ಷೇತ್ರವೇ ಬಿಚ್ಚಣಿಕೆಯಿಂದ ಸಿದ್ಧ ಬಟ್ಟೆಯವರೆಗಿನ ರೇಷ್ಮೆ. ಕೈಮಗ್ಗದಲ್ಲೇ ಮುಂದುವರಿಯಬೇಕೆನ್ನುವ ಎಳೆಯರಿಗೆ ಗದಗಿನ ಕೈಮಗ್ಗ ತಂತ್ರಜ್ಞಾನ ಸಂಸ್ಥೆಯ ಡಿಪ್ಲೊಮಾ ಇದೆ. ಅದರ ಬದಲಿಗೆ ಅಲ್ಪಾವಧಿಯ ಪ್ರಮಾಣಪತ್ರವೊಂದನ್ನು ನೆಚ್ಚಿಕೊಳ್ಳುವುದು ಸರಿಯಲ್ಲ.

ಈಗಾಗಲೇ ಕೆಲಸದಲ್ಲಿದ್ದು, ತನ್ನ ಘಟಕದ ಒಂದು ನಿರ್ದಿಷ್ಟ ತೊಂದರೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಹೋಗುವವರಿಗೆ ಈ ತರಬೇತಿ ಕೊಟ್ಟ ಶುಲ್ಕಕ್ಕೆ ಮೋಸವಿಲ್ಲ. ಕಾಲೇಜು ಮುಗಿಸಿ ನೇರವಾಗಿ ಬರುವವರಿಗೆ ಅರ್ಧದಷ್ಟು ಪಾಠ ಹಿಂದೆ ಓದಿದ್ದರ ಪುನರಾವರ್ತನೆಯಾಗುತ್ತದೆ. ಹಣ ಕಟ್ಟುವ ಮುನ್ನ ಒಂದು ಯಂತ್ರಕ್ಕೆ ಎಷ್ಟು ಜನ, ಸಮತೆಯ ಯಂತ್ರವನ್ನು ಕಲಿಯುವವರೇ ನಡೆಸುತ್ತಾರೆಯೇ, ಬಟ್ಟೆ ತಪಾಸಣೆ ಮೇಜಿನ ಮೇಲೆ ನಡೆಯುತ್ತದೆಯೇ, ನಮ್ಮ ಘಟಕದ ನೂಲು ಮತ್ತು ಬಟ್ಟೆಯ ಮಾದರಿಗಳನ್ನು ತರಬಹುದೇ ಎಂದು ಕೇಳಿ, ಉತ್ತರವನ್ನು ಬರಹದಲ್ಲಿ ಪಡೆದುಕೊಳ್ಳಿ. ಕೊನೆಯ ಪ್ರಶ್ನೆಗೆ ಒಪ್ಪಿಗೆ ಸಿಕ್ಕರೆ, ದೂರು ಬಂದ ಬಟ್ಟೆಯ ತುಂಡಿನ ಜೊತೆಗೆ ಅದೇ ಲಾಟಿನ ನೂಲಿನ ಕೋನನ್ನೂ ಒಯ್ಯಿರಿ. ಬಟ್ಟೆಯಿಂದ ಬಿಚ್ಚಿದ ತುಂಡು ಎಳೆಗಳ ಮೇಲೆ ಲೀ ಪರೀಕ್ಷೆಯನ್ನಾಗಲಿ ಸಮತೆಯ ಪರೀಕ್ಷೆಯನ್ನಾಗಲಿ ಮಾಡಲು ಬರುವುದಿಲ್ಲ.