ಬಾವೋಫೆಂಗ್ ಯುವಿ-5ಆರ್: ತುರ್ತು ಸಂಪರ್ಕದ ಅಭ್ಯಾಸಕ್ಕೆ ಬಹುಕಾಲ ಬಳಸಿದ ಮೇಲೆ

ಹ್ಯಾಮ್ (ಹವ್ಯಾಸಿ ರೇಡಿಯೊ) ಪರವಾನಗಿ ಸಿಕ್ಕ ಹೊಸತರಲ್ಲಿ ಹೆಚ್ಚಿನವರು ಕೊಳ್ಳುವ ಮೊದಲ ಸೆಟ್ ಬಾವೋಫೆಂಗ್ ಯುವಿ-5ಆರ್ ಎಂಬ ಈ ವಾಕಿ-ಟಾಕಿಯೇ. ಎರಡು ಬ್ಯಾಂಡ್, 128 ಚಾನೆಲ್, 1800 ಎಂಎಎಚ್ ಬ್ಯಾಟರಿ, ಹೆಚ್ಚೆಂದರೆ 4ರಿಂದ 5 ವ್ಯಾಟ್. ನೆರೆ, ಗುಡ್ಡ ಕುಸಿತದ ಹೊತ್ತಿಗೆ ಸಿದ್ಧವಿರಬೇಕೆಂದು ಸ್ವಯಂಸೇವಕರು ನಡೆಸುವ ಅಭ್ಯಾಸಗಳಲ್ಲೂ ಸೊಂಟಕ್ಕೆ ಸಿಕ್ಕಿಸಿಕೊಂಡಿರುವುದು ಸಾಮಾನ್ಯವಾಗಿ ಇದನ್ನೇ. ಬಹುಕಾಲ ಬಳಸಿದ ಮೇಲೆ ಧೈರ್ಯವಾಗಿ ಹೇಳಬಹುದಾದ್ದು ಇಷ್ಟು: ಗಂಜಿ ಕೇಂದ್ರದಿಂದ ತಾಲ್ಲೂಕು ಕಚೇರಿಗೆ, ಹೊಳೆಯ ಈ ದಡದಿಂದ ಆ ದಡಕ್ಕೆ ಸುದ್ದಿ ಮುಟ್ಟಿಸಲು ಈ ಸೆಟ್ ಸಾಕು. ಆದರೆ ಡಬ್ಬಿಯಿಂದ ತೆಗೆದ ಸ್ಥಿತಿಯಲ್ಲಿ ಅದು ತುರ್ತು ಕೆಲಸಕ್ಕೆ ಲಾಯಕ್ಕಲ್ಲ. ಅದನ್ನು ಲಾಯಕ್ಕು ಮಾಡುವುದು ಮನೆಯಲ್ಲೇ ಕೂತು ಮುಗಿಸಬೇಕಾದ ಕೆಲಸ. ಈ ವಿಮರ್ಶೆಯ ಬಹುಪಾಲು ಆ ಕೆಲಸದ ಬಗ್ಗೆಯೇ.

ಮೊದಲಿಗೆ ಕಾನೂನು. ಸೆಟ್ 136ರಿಂದ 174 ಹಾಗೂ 400ರಿಂದ 520 ಮೆಗಾಹರ್ಟ್ಸ್‌ವರೆಗೆ ಎಲ್ಲೆಂದರಲ್ಲಿ ಪ್ರಸಾರ ಮಾಡಬಲ್ಲದು. ಭಾರತದ ಹ್ಯಾಮ್‌ಗಳಿಗೆ ಅದರಲ್ಲಿ ಅನುಮತಿಯಿರುವುದು 144–146 ಮತ್ತು 434–438 ಮೆಗಾಹರ್ಟ್ಸ್‌ಗೆ ಮಾತ್ರ. ಉಳಿದ ಜಾಗದಲ್ಲಿ ಬೇರೆ ಬೇರೆ ಇಲಾಖೆ, ಸಂಸ್ಥೆಗಳ ಸಂಪರ್ಕ ನಡೆಯುತ್ತಿರುತ್ತದೆ. ನೆರೆಯ ದಿನ ತಪ್ಪು ಗುಂಡಿ ಒತ್ತಿ ಅಂಥ ಚಾನೆಲ್ ಮೇಲೆ ಕೂತರೆ ನೆರವಿಗೆ ಹೋದವರೇ ತೊಡಕಾಗುತ್ತಾರೆ. ಹ್ಯಾಮ್ ಆಗಲು ಬೇಕಾದ ಎಎಸ್‌ಒಸಿ ಪರೀಕ್ಷೆ, ಕೇಂದ್ರ ಸರ್ಕಾರದ ಡಬ್ಲ್ಯೂಪಿಸಿ ವಿಭಾಗದ ಪರವಾನಗಿ ಇಲ್ಲದವರಿಗೆ 'ಇರಲಿ, ಕಷ್ಟಕಾಲಕ್ಕೆ' ಎಂದು ಇದನ್ನು ಕೊಡಿಸಬೇಡಿ.

ಇನ್ನು ಮೆನು. ಸೆಟ್ಟಿಂಗ್‌ಗಳಿಗೆ ಸಂಖ್ಯೆಗಳಿವೆ. ಮೆನು ಗುಂಡಿ ಒತ್ತಿ ಸಂಖ್ಯೆ ಒತ್ತಿದರೆ ನೇರ ಅಲ್ಲಿಗೇ ಹೋಗುತ್ತದೆ. ಅತ್ಯಂತ ಮುಖ್ಯವಾದ್ದು 7, ಅಂದರೆ ಎರಡು ಚಾನೆಲ್‌ಗಳನ್ನು ಒಟ್ಟಿಗೆ ಕಾಯುವ ಟಿಡಿಆರ್. ಅದನ್ನು ಆಫ್ ಮಾಡಿ. ಆನ್ ಇದ್ದರೆ ಕೆಳಗಿನ ಸಾಲಿನಲ್ಲಿ ಯಾರೋ ಮಾತಾಡಿದ ಮರುಕ್ಷಣ ನೀವು ಪಿಟಿಟಿ (ಮಾತಾಡಲು ಒತ್ತಿ ಹಿಡಿಯುವ ಗುಂಡಿ) ಒತ್ತಿದಾಗ ಉತ್ತರ ಆ ಚಾನೆಲ್‌ನಲ್ಲೇ ಹೋಗುತ್ತದೆ. ನೆಟ್ ಕಂಟ್ರೋಲ್ (ತಂಡದ ಮಾತುಕತೆಯ ಜಾಲ, ಅಂದರೆ ನೆಟ್, ನಡೆಸುವವರು) ಕರೆಯುತ್ತಲೇ ಇರುತ್ತಾರೆ, ನೀವು ಉತ್ತರಿಸುತ್ತಲೇ ಇರುತ್ತೀರಿ, ಅವರಿಗೆ ಮಾತ್ರ ಕೇಳುವುದಿಲ್ಲ. ಅಭ್ಯಾಸದಲ್ಲಿ 'ಸೆಟ್ ಕೆಟ್ಟಿದೆ' ಎಂಬ ದೂರು ಬಂದರೆ ಮೊದಲು ನೋಡಬೇಕಾದ ಜಾಗ ಇದು. 39, ಅಂದರೆ ಮಾತು ಮುಗಿದಾಗ ಹೋಗುವ ರೋಜರ್ ಬೀಪ್ ಆಫ್. 4, ಅಂದರೆ ದನಿ ಕೇಳಿದೊಡನೆ ತಾನೇ ಪ್ರಸಾರ ಶುರುಮಾಡುವ ವಾಕ್ಸ್ ಆಫ್. ಇಲ್ಲದಿದ್ದರೆ ಮಳೆ, ಜನರೇಟರ್ ಸದ್ದಿಗೇ ಸೆಟ್ ಪ್ರಸಾರ ಶುರುಮಾಡಬಹುದು. 9, ಅಂದರೆ ಪ್ರಸಾರದ ಸಮಯ ಮಿತಿ 60 ಸೆಕೆಂಡಿಗೆ. ಪಿಟಿಟಿ ಎಲ್ಲೋ ಸಿಕ್ಕಿಹಾಕಿಕೊಂಡು ಒತ್ತಿಯೇ ಉಳಿದರೆ ಇಡೀ ನೆಟ್ ಕಟ್ಟಿಹೋಗದಂತೆ ಕಾಯುವುದು ಇದೇ. 32, ಅಂದರೆ ಅಲಾರಂ ವಿಧ 'ಸೈಟ್' ಎಂದಿರಲಿ. ಆಗ ಪಕ್ಕದ ಕಿತ್ತಳೆ ಗುಂಡಿಯನ್ನು ಅರಿಯದೆ ಒತ್ತಿ ಹಿಡಿದರೂ ಸೈರನ್ ನಿಮ್ಮ ಕೈಯಲ್ಲೇ ಕೂಗುತ್ತದೆ, ಗಾಳಿಗೆ ಹೋಗುವುದಿಲ್ಲ. 24, ಅಂದರೆ ಕೀಪ್ಯಾಡ್ ಲಾಕ್ ಆನ್. ಬಿಡಿಸಲು # ಗುಂಡಿ ಒತ್ತಿ ಹಿಡಿಯಬೇಕು.

ಎರಡು ಸೆಟ್ಟಿಂಗ್‌ಗಳ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. 3, ಅಂದರೆ ಬ್ಯಾಟರಿ ಉಳಿತಾಯ. ಇದು ರಿಸೀವರನ್ನು ಆಗಾಗ ಮಲಗಿಸಿ ಎಬ್ಬಿಸುತ್ತದೆ. 4ಕ್ಕೆ ಇಟ್ಟರೆ ಎದುರಿನವರ ಮೊದಲ ಪದ ನುಂಗಿಹೋಗುತ್ತದೆ, ಆ ಮೊದಲ ಪದವೇ ಕರೆ ಚಿಹ್ನೆ (ಕೇಂದ್ರದ ಗುರುತಿನ ಸಂಕೇತ)! 1ಕ್ಕೆ ಇಡಿ. ಜೊತೆಗೆ ಪಿಟಿಟಿ ಒತ್ತಿ ಒಂದು ಸೆಕೆಂಡ್ ತಡೆದು ಮಾತಾಡುವುದನ್ನು ಎಲ್ಲರಿಗೂ ರೂಢಿ ಮಾಡಿಸಿ. 5, ಅಂದರೆ ಪ್ರಸಾರದ ಅಗಲ, ವೈಡ್ ಅಥವಾ ನ್ಯಾರೋ. ತಂಡದ ಎಲ್ಲ ಸೆಟ್‌ಗಳಲ್ಲೂ ಒಂದೇ ಇರಬೇಕು. ಒಬ್ಬರದು ನ್ಯಾರೋ, ಮಿಕ್ಕವರದು ವೈಡ್ ಆದರೆ ನ್ಯಾರೋ ಇಟ್ಟವರ ದನಿ ಎಲ್ಲರಿಗೂ ಸಣ್ಣಗೆ ಕೇಳುತ್ತದೆ, ಅವರ ಸೆಟ್‌ನಲ್ಲಿ ಮಿಕ್ಕವರ ದನಿ ಒಡೆದಂತೆ ಬರುತ್ತದೆ. ಅದನ್ನು ಸಿಗ್ನಲ್ ಸಮಸ್ಯೆ ಎಂದುಕೊಂಡು ಆಂಟೆನಾ ತಿರುಗಿಸುತ್ತಾ ಹೊತ್ತು ಕಳೆಯುವವರಿದ್ದಾರೆ.

ಚಾನೆಲ್ ತುಂಬಲು ಕಂಪ್ಯೂಟರಿನಲ್ಲಿ ನಡೆಯುವ ಚಿರ್ಪ್ ತಂತ್ರಾಂಶವೇ ಸರಿ. ಚಾನೆಲ್‌ಗೆ ಹೆಸರು ಕೊಡುವುದು ಕೀಪ್ಯಾಡಿನಿಂದ ಆಗುವುದಿಲ್ಲ. ಸೆಟ್ಟನ್ನು ಕಂಪ್ಯೂಟರಿಗೆ ಜೋಡಿಸುವ ಕೇಬಲ್ ವಿಷಯದಲ್ಲಿ ಅಗ್ಗಕ್ಕೆ ಹೋಗಬೇಡಿ: ನಕಲಿ ಪ್ರೊಲಿಫಿಕ್ ಚಿಪ್ ಇರುವವನ್ನು ವಿಂಡೋಸ್‌ನ ಹೊಸ ಡ್ರೈವರ್ ಒಪ್ಪುವುದಿಲ್ಲ. ಎಫ್‌ಟಿಡಿಐ ಅಥವಾ ಸಿಎಚ್340 ಚಿಪ್ ಎಂದು ಕೇಳಿ ಕೊಳ್ಳಿ. 'ರೇಡಿಯೊ ಉತ್ತರಿಸುತ್ತಿಲ್ಲ' ಎಂದು ಬಂದರೆ ಬಹಳ ಸಲ ಕಾರಣ ಎರಡು ಪಿನ್ನಿನ ಪ್ಲಗ್ ಪೂರ್ತಿ ಒಳಗೆ ಕೂತಿಲ್ಲದಿರುವುದು. 'ಟಕ್' ಎನ್ನುವವರೆಗೆ ಒತ್ತಬೇಕು. ಮೊದಲು ಸೆಟ್‌ನಿಂದ ಓದಿ, ಆ ಫೈಲನ್ನು ಹಾಗೇ ಉಳಿಸಿ, ಆಮೇಲೆ ತಿದ್ದಿ. ಒಬ್ಬರ ಸೆಟ್‌ನ ಫೈಲನ್ನು ಇನ್ನೊಬ್ಬರದಕ್ಕೆ ನೇರ ಸುರಿಯಬೇಡಿ, ಫರ್ಮ್‌ವೇರ್ ಬೇರೆ ಇರಬಹುದು. ಚಾನೆಲ್ ಸಾಲುಗಳನ್ನಷ್ಟೇ ನಕಲಿಸಿ ಅಂಟಿಸಿ. ತಂಡದಲ್ಲಿ ಎಲ್ಲರ 1ನೇ ಚಾನೆಲ್ ಒಂದೇ, 2ನೆಯದು ಒಂದೇ, ಹೀಗಿದ್ದರೆ 'ಮೂರಕ್ಕೆ ಬನ್ನಿ' ಎಂದರೆ ಸಾಕು. ಮೊದಲ ಚಾನೆಲ್‌ಗಳು ಸಿಂಪ್ಲೆಕ್ಸ್ (ಸೆಟ್‌ನಿಂದ ಸೆಟ್‌ಗೆ ನೇರ) ಆಗಿರಲಿ, ರಿಪೀಟರ್ (ಎತ್ತರದಲ್ಲಿ ನಿಂತು ಮಾತನ್ನು ಮರುಪ್ರಸಾರ ಮಾಡುವ ಕೇಂದ್ರ) ಆಮೇಲೆ. ಬೆಟ್ಟದ ಮೇಲಿನ ರಿಪೀಟರ್‌ಗೂ ಕರೆಂಟು ಬೇಕು.

ಆದರೂ ಕೀಪ್ಯಾಡಿನಿಂದ ತುಂಬುವುದನ್ನು ಕಲಿತಿರಲೇಬೇಕು, ಏಕೆಂದರೆ ಸ್ಥಳದಲ್ಲಿ ಲ್ಯಾಪ್‌ಟಾಪ್ ಇರುವುದಿಲ್ಲ. ಫ್ರೀಕ್ವೆನ್ಸಿಯನ್ನು ನೇರ ಒತ್ತಬಹುದಾದ ವಿಎಫ್‌ಒ ಸ್ಥಿತಿಗೆ ಬನ್ನಿ, ಮೇಲಿನ 'ಎ' ಸಾಲಿನಲ್ಲೇ ಇರಿ (ಕೆಳಗಿನ ಸಾಲಿನಿಂದ ಉಳಿಸಲು ಹೋದರೆ ಎಡವಟ್ಟಾಗುತ್ತದೆ). ಟೋನ್ (ರಿಪೀಟರ್ ತೆರೆಯಲು ದನಿಯ ಜೊತೆ ಕಳಿಸುವ ಸಣ್ಣ ನಾದ) ಬೇಕಿದ್ದರೆ ಮೆನು 13ರಲ್ಲಿ ಹಾಕಿ. ಕೇಳುವ ಫ್ರೀಕ್ವೆನ್ಸಿ ಒತ್ತಿ, ಮೆನು 27, ಮತ್ತೆ ಮೆನು, ಖಾಲಿ ಚಾನೆಲ್ ಸಂಖ್ಯೆ, ಇನ್ನೊಮ್ಮೆ ಮೆನು. ಸಿಂಪ್ಲೆಕ್ಸ್ ಆದರೆ ಅಲ್ಲಿಗೆ ಮುಗಿಯಿತು. ರಿಪೀಟರ್ ಆದರೆ ಕಳಿಸುವ ಫ್ರೀಕ್ವೆನ್ಸಿಯನ್ನು ಒತ್ತಿ ಅದೇ ಚಾನೆಲ್ ಸಂಖ್ಯೆಗೆ 27 ಇನ್ನೊಮ್ಮೆ. ಚಾನೆಲ್ ಮೊದಲೇ ತುಂಬಿದ್ದರೆ 28ರಲ್ಲಿ ಅಳಿಸದೆ ಹೊಸದು ಕೂರುವುದಿಲ್ಲ.

ಬ್ಯಾಟರಿಯ ಲೆಕ್ಕ ಹೀಗೆ. ಪೂರ್ತಿ ಶಕ್ತಿಯಲ್ಲಿ ಪ್ರಸಾರಕ್ಕೆ ಸುಮಾರು ಒಂದೂವರೆ ಆಂಪಿಯರ್ ಎಳೆಯುತ್ತದೆ. ಗಂಟೆಗೆ ಎರಡು ಮೂರು ನಿಮಿಷ ಮಾತಾಡುವ ಸಾಮಾನ್ಯ ಕೇಂದ್ರಕ್ಕೆ 1800 ಎಂಎಎಚ್ ಒಂದು ಹಗಲಿಗೆ ಬಂದೀತು. ಅದೇ ನೆಟ್ ಕಂಟ್ರೋಲ್ ಕೂತವರು ಗಂಟೆಯಲ್ಲಿ 20 ನಿಮಿಷ ಪಿಟಿಟಿ ಒತ್ತಿದರೆ ಗಂಟೆಗೆ ಪ್ರಸಾರಕ್ಕೇ ಅರ್ಧ ಆಂಪಿಯರ್-ಅವರ್, ಕೇಳುವುದಕ್ಕೆ ಇನ್ನಷ್ಟು ಹೋಗಿ, ಸುಮಾರು ಮೂರು ಗಂಟೆಯಲ್ಲಿ ಬ್ಯಾಟರಿ ಖಾಲಿ. ಪರದೆಯ ಬ್ಯಾಟರಿ ಚಿತ್ರವನ್ನು ನಂಬಬೇಡಿ. ಕೊನೆಯವರೆಗೂ ತುಂಬಿದಂತೆ ತೋರಿಸಿ ಒಮ್ಮೆಲೇ ಇಳಿಯುತ್ತದೆ. ಗಡಿಯಾರ ನೋಡಿ ಬದಲಿಸುವುದು ಉತ್ತಮ. ಚಾರ್ಜಿಂಗ್ ಇನ್ನೊಂದು ತೊಡಕು: ಜೊತೆಗೆ ಬರುವ ತೊಟ್ಟಿಲಿಗೆ ಬೇಕಾದ್ದು 10 ವೋಲ್ಟ್. ಫೋನಿನ ಪವರ್ ಬ್ಯಾಂಕ್ ಕೊಡುವುದು 5 ವೋಲ್ಟ್. ವೋಲ್ಟೇಜ್ ಏರಿಸುವ ಯುಎಸ್‌ಬಿ ಕೇಬಲ್ ಅಥವಾ ಟೈಪ್-ಸಿ ಕಿಂಡಿ ಇರುವ ಬ್ಯಾಟರಿ ಕೊಂಡಿಟ್ಟುಕೊಳ್ಳಿ. ಇದಕ್ಕಿಂತ ಒಳ್ಳೆಯದು ಬ್ಯಾಟರಿಯ ಜಾಗದಲ್ಲೇ ಕೂರುವ 12 ವೋಲ್ಟ್ ಎಲಿಮಿನೇಟರ್. ಜೀಪಿನ ಲೈಟರ್ ಸಾಕೆಟ್‌ನಿಂದಲೇ ಸೆಟ್ ನಡೆಯುತ್ತದೆ. ಪೆನ್ಸಿಲ್ ಸೆಲ್ ಹಾಕುವ ಡಬ್ಬಿಯೂ ಸಿಗುತ್ತದೆ, ಆದರೆ ಸಣ್ಣ ಸೆಲ್‌ಗಳಿಗೆ ಒಂದೂವರೆ ಆಂಪಿಯರ್ ಕೊಡುವ ತಾಕತ್ತಿಲ್ಲ. ಅದನ್ನು ಬಳಸುವಾಗ ಮೆನು 2ರಲ್ಲಿ ಶಕ್ತಿಯನ್ನು ಕಡಿಮೆಗೆ ಇಳಿಸಿ.

ದೂರ ಎಷ್ಟು? ಎದೆಮಟ್ಟದಲ್ಲಿ ಹಿಡಿದ ಎರಡು ಸೆಟ್‌ಗಳ ನಡುವೆ ಬಟಾಬಯಲಿನಲ್ಲಿ ಲೆಕ್ಕದ ಪ್ರಕಾರ 10 ಕಿಲೋಮೀಟರ್. ಊರೊಳಗೆ, ಅಡಿಕೆ ತೋಟದೊಳಗೆ ಒಂದೆರಡು ಕಿಲೋಮೀಟರ್ ಸಿಕ್ಕರೆ ಅದೇ ಹೆಚ್ಚು. ಒಂದು ಕಡೆಯ ಆಂಟೆನಾ 10 ಮೀಟರ್ ಏರಿದರೆ ಅದೇ ಲೆಕ್ಕ 18 ಕಿಲೋಮೀಟರ್ ಆಗುತ್ತದೆ. ವ್ಯಾಟ್ ಏರಿಸುವುದಕ್ಕಿಂತ ಎತ್ತರ ಏರುವುದು ಲಾಭ. 8 ವ್ಯಾಟಿನ ಮಾದರಿಗೆ ಹೆಚ್ಚು ದುಡ್ಡು ಕೊಡುವ ಬದಲು ಆ ದುಡ್ಡನ್ನು ಆಂಟೆನಾಕ್ಕೆ ಹಾಕಿ.

ಜೊತೆಗೆ ಬರುವ ಗಿಡ್ಡ ಆಂಟೆನಾ ದುರ್ಬಲ. ಖರ್ಚಿಲ್ಲದ ಉಪಾಯವೆಂದರೆ 49 ಸೆಂಟಿಮೀಟರ್ ಮೆತ್ತನೆಯ ತಂತಿಯ ಒಂದು ತುದಿಯನ್ನು ಆಂಟೆನಾ ಬುಡದ ಹೊರ ಲೋಹಕ್ಕೆ ತಾಗುವಂತೆ ಸುತ್ತಿ, ಉಳಿದದ್ದನ್ನು ಕೆಳಗೆ ಇಳಿಬಿಡುವುದು. ಟೈಗರ್ ಟೇಲ್ ಎನ್ನುವ ಈ ಬಾಲ 2 ಮೀಟರ್ ಬ್ಯಾಂಡಿನಲ್ಲಿ (144–146 ಮೆಗಾಹರ್ಟ್ಸ್) ಕಾಣುವಷ್ಟು ವ್ಯತ್ಯಾಸ ಮಾಡುತ್ತದೆ. ಕೇಂದ್ರಕ್ಕೆ ಗ್ರೌಂಡ್ ಪ್ಲೇನ್ ಆಂಟೆನಾ ಕಟ್ಟಿಕೊಳ್ಳಿ: ಎಸ್‌ಒ-239 ಸಾಕೆಟ್‌ನ ನಡುವಿನ ಪಿನ್ನಿಗೆ 49 ಸೆಂಟಿಮೀಟರ್ ಲೋಹದ ಕಡ್ಡಿ, ನಾಲ್ಕು ಮೂಲೆಗೆ 51 ಸೆಂಟಿಮೀಟರ್‌ನ ನಾಲ್ಕು ಕಡ್ಡಿ 45 ಡಿಗ್ರಿ ಕೆಳಗೆ ಬಾಗಿಸಿ. ಬಿದಿರು ಗಳಕ್ಕೆ ಕಟ್ಟಿ ಎತ್ತಿದರೆ ಆಯಿತು. ಕೇಬಲ್ ಲೆಕ್ಕವೂ ಇರಲಿ: ಆರ್‌ಜಿ-58 ಹತ್ತು ಮೀಟರಿಗೆ 145 ಮೆಗಾಹರ್ಟ್ಸ್‌ನಲ್ಲಿ ಸುಮಾರು 2 ಡಿಬಿ ತಿನ್ನುತ್ತದೆ, 5 ವ್ಯಾಟ್ ಮೂರು ಚಿಲ್ಲರೆಯಾಗುತ್ತದೆ, 435ರಲ್ಲಿ ಎರಡು ವ್ಯಾಟಿನ ಆಸುಪಾಸು. ದಪ್ಪ ಕೇಬಲನ್ನು ಸೆಟ್‌ನ ಎಸ್‌ಎಂಎ ಕನೆಕ್ಟರ್‌ಗೆ ನೇರ ತೂಗುಬಿಟ್ಟರೆ ಅದರ ಬುಡವೇ ಸಡಿಲವಾಗುತ್ತದೆ. ನಡುವೆ ತೆಳು ಕೇಬಲಿನ ಒಂದಡಿ ತುಂಡು ಹಾಕಿ.

ಇಲ್ಲೇ ಈ ಸೆಟ್‌ನ ದೊಡ್ಡ ದೌರ್ಬಲ್ಯ ಎದುರಾಗುವುದು. ಒಳಗಿರುವುದು ಒಂದೇ ಚಿಪ್‌ನ ರಿಸೀವರ್, ಅದರ ಮುಂದೆ ಫಿಲ್ಟರ್ ಅಷ್ಟಕ್ಕಷ್ಟೇ. ದೊಡ್ಡ ಆಂಟೆನಾ ಹಾಕಿ ಊರ ಟವರುಗಳ ನಡುವೆ ಕೂತರೆ ಬಲವಾದ ಸಿಗ್ನಲ್‌ಗಳಿಗೆ ಅದು ಕಿವುಡಾಗುತ್ತದೆ: ಪರದೆಯಲ್ಲಿ ಸಿಗ್ನಲ್ ತುಂಬಾ ಇದ್ದಂತೆ, ಕೇಳುವುದು ಮಾತ್ರ ಏನೂ ಇಲ್ಲ. ಒಂದೇ ಕೋಣೆಯಲ್ಲಿ ಎರಡು ಸೆಟ್ ನಡೆಸುವಾಗಲೂ ಹೀಗೇ. ಒಂದನ್ನು ವಿಎಚ್‌ಎಫ್‌ಗೆ (144–146), ಇನ್ನೊಂದನ್ನು ಯುಎಚ್‌ಎಫ್‌ಗೆ (434–438) ಹಾಕಿದರೆ ವಾಸಿ, ಆದರೆ ಮೂರರ ಮಗ್ಗಿ ಮರೆಯಬೇಡಿ. 145.500ರ ಮೂರನೇ ಹಾರ್ಮೋನಿಕ್ (ಮೂರು ಪಟ್ಟು ಫ್ರೀಕ್ವೆನ್ಸಿಯಲ್ಲಿ ಹೊಮ್ಮುವ ಬೇಡದ ಸಿಗ್ನಲ್) 436.500, ನಮ್ಮದೇ ಬ್ಯಾಂಡಿನೊಳಗೆ ಬೀಳುತ್ತದೆ. ಯುಎಚ್‌ಎಫ್ ಚಾನೆಲ್ ಆರಿಸುವಾಗ ಅದರಿಂದ ದೂರ ಇರಿ. ನೆಟ್ ಕಂಟ್ರೋಲ್ ಮೇಜಿಗೆ ವಾಹನದಲ್ಲಿ ಕೂರಿಸುವಂಥ 25ರಿಂದ 50 ವ್ಯಾಟಿನ ಮೊಬೈಲ್ ಸೆಟ್ ಬೇಕೆನ್ನುವುದಕ್ಕೆ ಶಕ್ತಿಗಿಂತ ಅದರ ರಿಸೀವರ್ ಮುಖ್ಯ ಕಾರಣ.

ಮಳೆಗೆ ಇದು ತಡೆಯುವುದಿಲ್ಲ. ಜಿಪ್ ಇರುವ ಪ್ಲಾಸ್ಟಿಕ್ ಚೀಲದಲ್ಲಿ ಆಂಟೆನಾ ಸಮೇತ ಹಾಕಿ, ಹೊರಗಿನಿಂದಲೇ ಮಾತಾಡಿದರೆ ಕೆಲಸ ನಡೆಯುತ್ತದೆ. ಹೊರಗೆ ತೂಗುವ ಸ್ಪೀಕರ್ ಮೈಕ್ ಬಳಸಿದರೆ ನೀರು ಮೊದಲು ಹೋಗುವುದು ಅದರೊಳಗೆ.

ಅಭ್ಯಾಸದಲ್ಲಿ ಸೆಟ್ ಎಷ್ಟು ಚೆನ್ನಾಗಿದ್ದರೂ ಸುದ್ದಿ ಕೆಡುವುದು ಬಾಯಲ್ಲಿ. ಸದ್ದಿನ ನಡುವೆ ಇಪ್ಪತ್ತು, ಎಪ್ಪತ್ತು ಒಂದೇ ಥರ ಕೇಳುತ್ತವೆ; ಹಾಗಾಗಿ 72 ಇದ್ದರೆ 'ಏಳು, ಎರಡು' ಎಂದು ಬಿಡಿಬಿಡಿಯಾಗಿ ಹೇಳಿ. ಒಂದೇ ಹೆಸರಿನ ಹಳ್ಳಿಗಳು ಎಷ್ಟೋ ಇವೆ, ಹೆಸರಿನ ಜೊತೆ ಹೋಬಳಿ ಇರಲೇಬೇಕು. ಸಂದೇಶ ಬರೆದುಕೊಂಡು ಓದಿ: ಕ್ರಮ ಸಂಖ್ಯೆ, 24 ಗಂಟೆಯ ಲೆಕ್ಕದಲ್ಲಿ ಸಮಯ, ಯಾರಿಂದ, ಯಾರಿಗೆ, ವಿಷಯ. ಬರೆದುಕೊಂಡವರು ತಿರುಗಿ ಓದಿ ಹೇಳುವವರೆಗೆ ಸಂದೇಶ ಮುಟ್ಟಿದಂತಲ್ಲ.

ಘಟ್ಟ ದಾಟಿ ಮಾತಾಡುವ ಆಸೆಯನ್ನು ಈ ಸೆಟ್ ಮೇಲೆ ಇಡಬೇಡಿ. ಕೊಡಗಿನ ಕಣಿವೆಯಲ್ಲಿ ನಿಂತವರಿಗೆ ಪಕ್ಕದ ಗುಡ್ಡವೇ ಗೋಡೆ. 2004ರ ಡಿಸೆಂಬರ್ ಸುನಾಮಿಯಲ್ಲಿ ಅಂಡಮಾನಿನಿಂದ ಸುದ್ದಿ ಹೊರತರಲು ನೆರವಾದದ್ದು, ಆಗ ಪೋರ್ಟ್ ಬ್ಲೇರ್‌ನಲ್ಲಿದ್ದ ಹ್ಯಾಮ್ ಭಾರತಿ ಪ್ರಸಾದ್ ಅವರ ತಂಡದ ಎಚ್‌ಎಫ್ (ಕಿರುತರಂಗ) ಕೇಂದ್ರ. ಆ ಕೆಲಸಕ್ಕೆ 40 ಮೀಟರ್ ಬ್ಯಾಂಡ್ ಬೇಕು: 7.1 ಮೆಗಾಹರ್ಟ್ಸ್‌ಗೆ ಒಟ್ಟು 20 ಮೀಟರ್ ಉದ್ದದ ಡೈಪೋಲ್ (ಎರಡು ತೋಳಿನ ತಂತಿ ಆಂಟೆನಾ), ನೆಲದಿಂದ ನಾಲ್ಕೈದು ಮೀಟರ್ ಎತ್ತರದಲ್ಲಿ. ಅಷ್ಟು ತಗ್ಗಿನಲ್ಲಿ ಕಟ್ಟಿದರೆ ಅಲೆ ನೆಟ್ಟಗೆ ಮೇಲೇರಿ ಇಳಿಯುವುದರಿಂದ ಹಗಲಿನಲ್ಲಿ ಮಡಿಕೇರಿಯಿಂದ ಬೆಂಗಳೂರಿಗೆ ಗುಡ್ಡಗಳ ಹಂಗಿಲ್ಲದೆ ಮಾತಾಡಬಹುದು. ಗಂಜಿ ಕೇಂದ್ರದಿಂದ ಆ ಡೈಪೋಲ್ ಇರುವ ಮೇಜಿನವರೆಗೆ ಯುವಿ-5ಆರ್, ಅಲ್ಲಿಂದ ಮುಂದೆ ಎಚ್‌ಎಫ್. ಅಭ್ಯಾಸವನ್ನೂ ಇದೇ ಜೋಡಣೆಯಲ್ಲಿ ಮಾಡಿ.

ಐದಕ್ಕೆ ಮೂರೂವರೆ ಕೊಡುತ್ತೇನೆ. ಒಂದು ದುಬಾರಿ ಹ್ಯಾಂಡ್‌ಹೆಲ್ಡ್ ಬದಲು ಇಂಥ ಎರಡು, ಜೊತೆಗೆ ಹೆಚ್ಚುವರಿ ಬ್ಯಾಟರಿ ಎರಡು, ಎಲಿಮಿನೇಟರ್ ಒಂದು ಕೊಳ್ಳಿ. ಸುಮ್ಮನೆ ಇಡುವಾಗ ಬ್ಯಾಟರಿಯನ್ನು ಅರ್ಧ ಚಾರ್ಜಿನಲ್ಲಿ ಸೆಟ್‌ನಿಂದ ಕಳಚಿ ಇಡಿ, ಮುಂಗಾರು ಶುರುವಾಗುವ ಮೊದಲು ಪೂರ್ತಿ ತುಂಬಿಸಿ.