ರೂಟ್ 1: ಎರಡು ತುದಿಗಳನ್ನು ಮಾತ್ರ ತಪ್ಪಿಸಬೇಡಿ

5ಕ್ಕೆ 4 ಸ್ಟಾರ್. ಒಂದು ಯಾಕೆ ಕಡಿಮೆ ಅಂತ ಆಮೇಲೆ ಹೇಳುತ್ತೇನೆ.

ರೂಟ್ 1 ಅಂದರೆ ಅಮೆರಿಕದ ಪೂರ್ವ ತೀರದ ಹೆದ್ದಾರಿ. ನ್ಯೂಜೆರ್ಸಿಯಲ್ಲಿ ಆರು ವರ್ಷ ನಾನು ಕೆಲಸಕ್ಕೆ ಹೋಗಿದ್ದು ಇದೇ ರಸ್ತೆಯಲ್ಲಿ. ಎಡಿಸನ್‌ನಿಂದ ಪ್ರಿನ್ಸ್‌ಟನ್ ಕಡೆಗೆ, ದಿನಾ, ಸಿಗ್ನಲ್ ಮೇಲೆ ಸಿಗ್ನಲ್. ಆ ಕಡೆ ಇರುವ ಕನ್ನಡದವರಿಗೆಲ್ಲ ಇದು ಗೊತ್ತು. ಎಡಕ್ಕೆ ತಿರುಗಬೇಕು ಅಂದರೆ ಬಲಗಡೆಯಿಂದ ಹೊರಗೆ ಹೋಗಿ, ಸುತ್ತಿಕೊಂಡು ಬಂದು, ರಸ್ತೆ ದಾಟಬೇಕು. ಜಗ್‌ಹ್ಯಾಂಡಲ್ ಅಂತಾರಲ್ಲ, ಅದೇ. ಆಗ ನನ್ನ ಪಾಲಿಗೆ ರೂಟ್ 1 ಅಂದರೆ ಬರೀ ಟ್ರಾಫಿಕ್ಕು. ಅದೇ ರಸ್ತೆಯ ಒಂದು ತುದಿ ಕೆನಡಾ ಗಡಿಯ ಫೋರ್ಟ್ ಕೆಂಟ್‌ನಲ್ಲಿದೆ, ಇನ್ನೊಂದು ತುದಿ ಕ್ಯೂಬಾದಿಂದ ಸುಮಾರು 150 ಕಿ.ಮೀ. ದೂರದ ಕೀ ವೆಸ್ಟ್‌ನಲ್ಲಿದೆ ಅನ್ನೋದು ತಲೆಗೆ ಹೋಗಿರಲೇ ಇಲ್ಲ. ಒಟ್ಟು 3,800 ಕಿ.ಮೀ. ಚಿಲ್ಲರೆ, 14 ರಾಜ್ಯ. ಆಮೇಲೆ ಎರಡು ರಜೆಯಲ್ಲಿ ಎರಡೂ ತುದಿ ನೋಡಿ ಬಂದೆವು.

1926ರಲ್ಲಿ ಹೆದ್ದಾರಿಗಳಿಗೆ ನಂಬರ್ ಕೊಟ್ಟಾಗ ಉತ್ತರ-ದಕ್ಷಿಣ ರಸ್ತೆಗಳಿಗೆ ಬೆಸ ಸಂಖ್ಯೆ ಕೊಟ್ಟರು, ಎಣಿಕೆ ಪೂರ್ವದಿಂದ ಶುರು. ಅಟ್ಲಾಂಟಿಕ್ ಪಕ್ಕದ ಇದಕ್ಕೆ 1 ಬಂತು. ಆದರೆ ದಾರಿ ಅದಕ್ಕಿಂತ ತುಂಬಾ ಹಳೆಯದು. ಬ್ರಿಟಿಷರ ಕಾಲದಲ್ಲಿ ಅಂಚೆ ಕುದುರೆಗಳು ಓಡಾಡುತ್ತಿದ್ದ ದಾರಿಯೂ ಇದರಲ್ಲಿ ಸೇರಿದೆ. ಕನೆಕ್ಟಿಕಟ್‌ನಲ್ಲಿ ಇವತ್ತಿಗೂ ಬೋಸ್ಟನ್ ಪೋಸ್ಟ್ ರೋಡ್ ಅಂತಲೇ ಬೋರ್ಡ್ ಇದೆ.

ಉತ್ತರದ ತುದಿಗೆ ಮಕ್ಕಳನ್ನು ಕರೆದುಕೊಂಡು ಹೋಗಿ. ಮೇನ್ ರಾಜ್ಯದ ಆಲೂಗಡ್ಡೆ ಹೊಲಗಳ ನಡುವೆ, ಹೌಲ್ಟನ್‌ನಿಂದ ಪ್ರೆಸ್ಕ್ ಐಲ್‌ವರೆಗೆ ರಸ್ತೆ ಪಕ್ಕದಲ್ಲೇ ಸೌರಮಂಡಲದ ಮಾದರಿ ನಿಲ್ಲಿಸಿದ್ದಾರೆ. ಭೂಮಿಗೂ ಸೂರ್ಯನಿಗೂ ಇರುವ ದೂರ ಇಲ್ಲಿ ಒಂದು ಮೈಲಿ. ಪ್ಲೂಟೋದಿಂದ ಸೂರ್ಯನಿಗೆ 40 ಮೈಲಿ ಕಾರು ಓಡಿಸಬೇಕು! ಗುರು ಸುಮಾರು ಐದು ಅಡಿ, ಭೂಮಿ ಸುಮಾರು ಐದೂವರೆ ಇಂಚು. ಅಷ್ಟು ಖಾಲಿ ರಸ್ತೆಯಲ್ಲಿ ಓಡಿಸಿದ ಮೇಲೇ ನನಗೆ ಆ ದೂರ ಅಂದರೇನು ಅಂತ ಮೈಗೆ ತಟ್ಟಿದ್ದು.

ಆದರೆ ನಾನು ಮತ್ತೆ ಮತ್ತೆ ಹೋಗುವುದು ಅಂದರೆ ದಕ್ಷಿಣದ ತುದಿಗೆ. ಮಯಾಮಿ ದಾಟಿದ ಮೇಲೆ ನೆಲ ಮುಗಿದು ರಸ್ತೆ ಫ್ಲೋರಿಡಾ ಕೀಸ್ ಅನ್ನುವ ದ್ವೀಪಸಾಲಿನಲ್ಲಿ ದ್ವೀಪದಿಂದ ದ್ವೀಪಕ್ಕೆ ಸಮುದ್ರದ ಮೇಲೆ ಹೋಗುತ್ತದೆ. ಇದು ಮೊದಲು ರೈಲು ದಾರಿ. ಹೆನ್ರಿ ಫ್ಲ್ಯಾಗ್ಲರ್ ಎಂಬ ಶ್ರೀಮಂತ ಕಟ್ಟಿಸಿದ್ದು. 1912ರಲ್ಲಿ ಮೊದಲ ರೈಲು ಕೀ ವೆಸ್ಟ್ ಮುಟ್ಟಿತು, ಅವನೂ ಅದರಲ್ಲೇ ಬಂದ, ಮಾರನೇ ವರ್ಷ ತೀರಿಕೊಂಡ. 1935ರ ಚಂಡಮಾರುತ ಹಳಿಗಳನ್ನು ಎಷ್ಟೋ ಕಡೆ ಕೊಚ್ಚಿಕೊಂಡು ಹೋಯಿತು, ಆದರೆ ಸೇತುವೆಗಳು ನಿಂತವು. ರಿಪೇರಿಗೆ ಕಂಪನಿ ಬಳಿ ದುಡ್ಡಿರಲಿಲ್ಲ. ಸರ್ಕಾರ ಕೊಂಡುಕೊಂಡು ಅವುಗಳ ಮೇಲೇ ಕಾರು ರಸ್ತೆ ಹಾಕಿ 1938ರಲ್ಲಿ ತೆರೆಯಿತು.

ಇದನ್ನು ಕಣ್ಣಾರೆ ನೋಡಬೇಕು ಅಂದರೆ ಬಹಿಯಾ ಹೋಂಡಾ ಪಾರ್ಕಿನಲ್ಲಿ ಇಳಿಯಿರಿ. ಹಳೆಯ ಸೇತುವೆ ಅಲ್ಲೇ ನಿಂತಿದೆ. ರೈಲು ಹೋಗುತ್ತಿದ್ದ ಕಬ್ಬಿಣದ ಗೂಡಿನೊಳಗೆ ಎರಡು ಕಾರು ಅಕ್ಕಪಕ್ಕ ಹಿಡಿಸುತ್ತಿರಲಿಲ್ಲ, ಅದಕ್ಕೆ ಗೂಡಿನ ತಲೆಯ ಮೇಲೆ ರಸ್ತೆ ಹಾಕಿಬಿಟ್ಟಿದ್ದಾರೆ! ಕೆಳಗೆ ಖಾಲಿ ರೈಲು ದಾರಿ, ಮೇಲೆ ಕಾರು ದಾರಿ, ಮೈತುಂಬಾ ಇಟ್ಟಿಗೆ ಬಣ್ಣದ ತುಕ್ಕು. ನಡುವೆ ಒಂದು ತುಂಡು ತೆಗೆದಿದ್ದಾರೆ, ಆ ಸಂದಿಯಲ್ಲಿ ಬರೀ ತಿಳಿನೀಲಿ ನೀರು. ನಾನು ಅರ್ಧ ಗಂಟೆ ಸುಮ್ನೆ ನೋಡುತ್ತಾ ನಿಂತಿದ್ದೆ.

ಸೆವೆನ್ ಮೈಲ್ ಬ್ರಿಡ್ಜ್ ಬಗ್ಗೆ ಎಲ್ಲರೂ ಹೇಳುತ್ತಾರೆ. ಈಗಿನದು 1982ರದ್ದು, ಸುಮಾರು 11 ಕಿ.ಮೀ. ಪಕ್ಕದ ಹಳೆಯದರಲ್ಲಿ ಪಿಜನ್ ಕೀ ದ್ವೀಪದವರೆಗೆ ನಡೆಯಬಹುದು, ಬೆಳಗ್ಗೆ ಹೋಗಿ, ನೆರಳಿಲ್ಲ. ಬಿಗ್ ಪೈನ್ ಕೀಯಲ್ಲಿ ದಯವಿಟ್ಟು ನಿಧಾನ. ನಾಯಿ ಗಾತ್ರದ ಪುಟ್ಟ ಜಿಂಕೆಗಳಿವೆ, ರಸ್ತೆಗೇ ಬರುತ್ತವೆ.

ಈಗ ಆ ಒಂದು ಸ್ಟಾರ್. ಕೀಸ್‌ನಲ್ಲಿ ಬಹುಪಾಲು ಹೋಗಕ್ಕೊಂದು ಬರಕ್ಕೊಂದು ಲೇನ್ ಅಷ್ಟೇ, ಬೇರೆ ದಾರಿಯೇ ಇಲ್ಲ. ಇಸ್ಲಮೊರಾಡಾ ಹತ್ತಿರ ಮುಂದೆಲ್ಲೋ ಅಪಘಾತವಾಗಿ ಎರಡು ಗಂಟೆ ನಿಂತೆವು. ಮಗುವಿಗೆ ಕೊಡೋಕೆ ನೀರೂ ಮುಗಿದಿತ್ತು. ನೀರು, ತಿಂಡಿ ಜಾಸ್ತಿ ಇಟ್ಟುಕೊಳ್ಳಿ, ಶುಕ್ರವಾರ ಸಂಜೆ ಹೊರಡಬೇಡಿ. ಇನ್ನು ಬೋಸ್ಟನ್‌ನಿಂದ ವಾಷಿಂಗ್ಟನ್‌ವರೆಗೆ ಇದರಲ್ಲೇ ಹೋಗುತ್ತೇನೆ ಅನ್ನೋ ಹಟ ಬೇಡ. ಸಿಗ್ನಲ್ಲು, ಮಾಲು, ಕಾರ್ ಶೋರೂಮು. ಅಲ್ಲಿ ಸಿಗ್ನಲ್ ಇಲ್ಲದ ಎಕ್ಸ್‌ಪ್ರೆಸ್‌ವೇ ಇಂಟರ್‌ಸ್ಟೇಟ್ 95 ಹಿಡಿಯಿರಿ.

ಕೀ ವೆಸ್ಟ್‌ನಲ್ಲಿ ವೈಟ್‌ಹೆಡ್ ಸ್ಟ್ರೀಟ್‌ನಲ್ಲಿ ಸೊನ್ನೆ ಮೈಲಿ ಬೋರ್ಡ್ ಇದೆ. ಒಂದು ಕಡೆ ರಸ್ತೆ ಮುಗಿಯಿತು ಅಂತ, ಎದುರು ಬದಿಯಲ್ಲಿ ಶುರುವಾಯಿತು ಅಂತ. ಎಲ್ಲರೂ ಮುಗಿಯಿತು ಬೋರ್ಡಿನ ಹತ್ತಿರವೇ ಫೋಟೋಗೆ ಸಾಲು ನಿಲ್ಲುತ್ತಾರೆ. ನಮ್ಮ ಫೋಟೋ ಎದುರಿನದ್ದು. ಅಲ್ಲಿ ಯಾರೂ ಇರಲಿಲ್ಲ.